ಒಂದು ಕಣ್ಣಿಗೆ ಸುಣ್ಣ

"ತಾತಾ, ಉಚ್ಚೆ."

ಗುರುವಯ್ಯ ತಿರುಗಲಿಲ್ಲ. ಬೋರ್ಡೋ ಔಷಧಿ ಕಲಸುವ ಹೊತ್ತಿನಲ್ಲಿ ಸಾಕ್ಷಾತ್ ಮಂಜುನಾಥನೇ ಬಂದು ಕೂಗಿದರೂ ತಿರುಗುವ ಆಸಾಮಿಯಲ್ಲ ಅವನು. ದೊಡ್ಡ ಡ್ರಮ್ಮಿನಲ್ಲಿ ಗೋಣಿಚೀಲದಲ್ಲಿ ಕಟ್ಟಿ ಇಳಿಬಿಟ್ಟ ಮೈಲುತುತ್ತ ಕರಗಿ ನೀರೆಲ್ಲ ನೀಲಿಯಾಗಿತ್ತು. ಪಕ್ಕದ ಬಕೆಟ್ಟುಗಳಲ್ಲಿ ಸುಟ್ಟ ಸುಣ್ಣದ ಹೆಂಟೆಗಳು ನೀರು ಕುಡಿದು, ಗೊತಗೊತ ಕುದ್ದು, ಈಗ ಗಟ್ಟಿ ಮೊಸರಿನ ಹಾಗೆ ಸುಮ್ಮನೆ ಕೂತಿದ್ದವು. ಎರಡನ್ನೂ ಹದವರಿತು ಬೆರೆಸಬೇಕು. ಹದ ತಪ್ಪಿದರೆ ಕಾಫಿ ಗಿಡದ ಎಲೆ ಸುಟ್ಟುಹೋಗುತ್ತದೆ. ಹೊಡೆಯದೇ ಬಿಟ್ಟರೆ ಮಳೆಗಾಲದಲ್ಲಿ ಕೊಳೆರೋಗ ಬಂದು ಕಾಯಿ ಕಪ್ಪಾಗಿ ಉದುರುತ್ತದೆ. ಮೇ ತಿಂಗಳ ಕೊನೆಯ ವಾರ. ದೇವರಮನೆ ಗುಡ್ಡದ ಮೇಲೆ ಮೋಡ ಬಂದು ಕೂತು ಆಗಲೇ ಎರಡು ದಿನವಾಗಿತ್ತು.

ಮೂವತ್ತು ವರ್ಷದಿಂದ ಅವನದು ಇದೇ ಕೆಲಸ. ಗೋಣಿಬೀಡಿನ ಸುತ್ತಮುತ್ತಲ ಹತ್ತು ತೋಟಕ್ಕೆ ಅವನು ಸುಣ್ಣದ ಗುರುವಯ್ಯ. ಕಲಸಿದ ಔಷಧಿಯಲ್ಲಿ ಚಾಕು ಅದ್ದಿ ಒಂದು ನಿಮಿಷ ಹಿಡಿದು ತೆಗೆಯುತ್ತಿದ್ದ. ಅಲಗಿನ ಮೇಲೆ ಕೆಂಪು ಕಂಡರೆ ಸುಣ್ಣ ಸಾಲದು, ಕಾಣದಿದ್ದರೆ ಹದ ಸರಿ. ಕಾಲೇಜು ಓದಿದ ಆಫೀಸರುಗಳೂ ಆ ಚಾಕುವನ್ನು ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಔಷಧಿ ಹೊಡೆಯಲು ಬಂದ ಹೊಸಬರಿಗೆ ಮೊದಲ ದಿನ ಅವನು ಹೇಳುತ್ತಿದ್ದ ಮಾತು ಒಂದೇ: "ಕುದಿಯೋ ಹೊತ್ತಲ್ಲಿ ಸುಣ್ಣದ ಹತ್ರ ಸುಳೀಬೇಡಿ. ಒಂದ್ಸಲ ಕುದ್ದ ಸುಣ್ಣ ಮತ್ತೆ ಕುದಿಯಲ್ಲ. ಆಮೇಲೆ ಎಷ್ಟು ನೀರಾದ್ರೂ ಹುಯ್ಯಿ, ಅದು ಸತ್ತ ಹಾವು."

"ತಾತಾ, ಬಂತು."

ಮೊಮ್ಮಗಳು ಮೋನಿಕಾಗೆ ಎರಡೂವರೆ ವರ್ಷ. ನಾಲ್ಕು ಮಾರು ದೂರದ ಸಿಲ್ವರ್ ಮರಕ್ಕೆ ಅವಳನ್ನು ಕಟ್ಟಿಹಾಕಿದ್ದರು. ಅವಳವ್ವ ಯಲ್ಲಮ್ಮ ತನ್ನ ಹಳೆ ಸೀರೆಯ ಒಂದು ತುದಿಯನ್ನು ಮರಕ್ಕೆ ಬಿಗಿದು, ಇನ್ನೊಂದನ್ನು ಮಗಳ ಸೊಂಟಕ್ಕೆ ಸುತ್ತಿ, ಬೆನ್ನ ಹಿಂದೆ ಮೂರು ಗಂಟು ಹಾಕಿ, ಮೇಲಿನ ಪಟ್ಟೆಗೆ ಕಳೆ ತೆಗೆಯಲು ಹೋಗಿದ್ದಳು. ನಾಲ್ಕು ತಿಂಗಳ ಗಂಡು ಕೂಸು ಮಾತ್ರ ಅವಳ ಜೊತೆಗೇ, ಗಿಡದ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ. ಮೊದಲಾದರೆ ಎಸ್ಟೇಟಿನದೇ ಒಂದು ಕೂಸಿನ ಮನೆ ಇತ್ತು, ನೋಡಿಕೊಳ್ಳಲು ಒಬ್ಬ ಆಯಾ ಇದ್ದಳು. ಕಾಫಿ ರೇಟು ನೆಲ ಕಚ್ಚಿದ ಮೇಲೆ ಸಾವ್ಕಾರ್ ಓಂಕಾರಮೂರ್ತಿ ಆಯಾಳನ್ನು ಬಿಡಿಸಿ, ಆ ಮನೆಗೆ ಗೊಬ್ಬರದ ಮೂಟೆ ತುಂಬಿಸಿದ್ದರು.

ಅಕ್ಕತಮ್ಮನನ್ನು ಒಂದೇ ಕಡೆ ಬಿಡುವ ಹಾಗಿರಲಿಲ್ಲ. ತಮ್ಮ ಹುಟ್ಟಿದ ದಿನದಿಂದ ಮೋನಿಕಾ ಕಚ್ಚುವುದನ್ನು ಕಲಿತಿದ್ದಳು. ಕೂಸಿನ ಪಾದ ಕಚ್ಚಿದಳು, ಕಿವಿ ಕಚ್ಚಿದಳು, ಬಿಡಿಸಲು ಬಂದ ಅವ್ವನ ಮೊಣಕೈ ಕಚ್ಚಿದಳು. ಕೈಗೆ ಸಿಕ್ಕಿದ್ದನ್ನು ಎಸೆದಳು. ಯಲ್ಲಮ್ಮ ಅವಳ ತುಟಿಗೆ ಮೆಣಸಿನಪುಡಿ ಸವರಿದಳು. ಅಪ್ಪ ಉಮೇಶ ಸಂಜೆ ಕುಡಿದು ಬಂದಾಗ ಪೊರಕೆ ತಿರುಗಿಸಿ ಹಿಡಿದು ಬಾರಿಸಿದ. ಬಾರಿಸಿದಷ್ಟೂ ಅವಳು ಕಚ್ಚಿದಳು; ಕಚ್ಚಿದಷ್ಟೂ ಅವನು ಬಾರಿಸಿದ. ಮೆಟ್ಟಿಲಿಂದ ಬಿದ್ದು ಹಣೆ ಒಡೆದುಕೊಂಡಳು, ಒಲೆಯ ಕೊಳ್ಳಿ ಹಿಡಿದು ಅಂಗೈ ಸುಟ್ಟುಕೊಂಡಳು. ಎಸ್ಟೇಟಿನ ಆಳುಗಳ ಲೈನುಮನೆಗಳ ಸಾಲಿನಲ್ಲಿ ಪಕ್ಕದ ಮನೆಯ ಅಂಜನಮ್ಮ ಮಾತ್ರ ಬಾಯಿ ಬಿಟ್ಟು ಹೇಳಿದ್ದಳು: "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡಿದ್ರೆ ಮಗು ಇನ್ನೆಂತ ಮಾಡ್ತದೆ ಮಾರಾಯ್ತಿ?" ಆ ಗಾದೆಯನ್ನು ಆಮೇಲೆ ಆ ಲೈನಿನಲ್ಲಿ ಯಾರೂ ಆಡಲಿಲ್ಲ.

"ತಾತಾ, ಹೋತದೆ."

"ಥೂ, ನಿನ್ನ," ಎಂದು ಗುರುವಯ್ಯ ಎದ್ದ. ಕೈ ಒರೆಸಿಕೊಂಡು ಗಂಟು ಬಿಚ್ಚಿದ. ಮೂರು ಗಂಟು ಬಿಚ್ಚುವಷ್ಟರಲ್ಲಿ ಬೆವರು ಇಳಿಯಿತು. ಮಗು ಕುಕ್ಕರಗಾಲಲ್ಲಿ ಕೂತು ಉಚ್ಚೆ ಹೊಯ್ದು, ಎದ್ದು, ಅವನ ಮೊಣಕಾಲು ತಬ್ಬಿಕೊಂಡಿತು. ಅವನಿಗೆ ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಕೂಸು ಬಂದ ಮೇಲೆ ಅವಳು ಮಲಗುತ್ತಿದ್ದುದು ಅವನ ಕಂಬಳಿಯಲ್ಲೇ. ಮೇಲಿನಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಸವರಾಜು ಕೂಗಿದ: "ಗುರುವಯ್ಯ, ಪಂಪು ಖಾಲಿ ನಿಂತೈತೆ." ಗುರುವಯ್ಯ ಮತ್ತೆ ಸೀರೆ ಸುತ್ತಿ ಒಂದೇ ಒಂದು ಗಂಟು ಹಾಕಿ ಡ್ರಮ್ಮಿಗೆ ಓಡಿದ. ಅದೂ ಎಂಥ ಗಂಟು? ಮಗು ಎರಡು ಸಲ ಮೈ ಕೊಡವಿದರೆ ಬಿಚ್ಚುವಂಥದ್ದು.

ಅವನು ಸುಣ್ಣದ ಹಾಲನ್ನು ನೀಲಿ ನೀರಿಗೆ ಹೊಯ್ದು, ಕೋಲಾಡಿಸಿ, ಚಾಕು ಅದ್ದಿ ನಿಂತಿದ್ದಾಗ ಹಿಂದಿನಿಂದ ಕಿರುಚುವುದು ಕೇಳಿಸಿತು. ಅವನು ಚಾಕುವಿನಿಂದ ಕಣ್ಣು ತೆಗೆಯಲಿಲ್ಲ. ಅವಳು ದಿನಕ್ಕೆ ಹತ್ತು ಸಲ ಕಿರುಚುವವಳು. ಆ ಅಳುವಿಗೆ ಅಲ್ಲಿ ಕಾಸಿನ ಬೆಲೆ ಇರಲಿಲ್ಲ. ಅಳುವಿನಲ್ಲಿ ಏನೋ ಬೇರೆ ಇದೆ ಎಂದು ತಿಳಿದದ್ದು ಹದಿನೈದು ಸಾಲು ಮೇಲಿದ್ದ ಯಲ್ಲಮ್ಮನಿಗೆ. ಅವಳು ಕತ್ತಿ ಎಸೆದು, ಗಿಡ ಮುರಿದುಕೊಂಡು, ಬಿದ್ದೆದ್ದು ಇಳಿದು ಬಂದಳು.

ಮಗು ಕೊನೆಯ ಬಕೆಟ್ಟಿನ ಪಕ್ಕ ನಿಂತಿತ್ತು. ಸೀರೆ ಕಾಲಬುಡದಲ್ಲಿ ಬಿದ್ದಿತ್ತು. ಯಾವುದೋ ಕಲ್ಲನ್ನು ಎತ್ತಿ ಬಕೆಟ್ಟಿಗೆ ಹಾಕಿ, ಸುಣ್ಣ ಚಿಮ್ಮಿ, ಎಡಗಣ್ಣೆಲ್ಲ ಬೆಳ್ಳಗೆ ಮೆತ್ತಿಕೊಂಡಿತ್ತು. ಅದು ಉಜ್ಜುತ್ತಿತ್ತು. ಯಲ್ಲಮ್ಮ ಮಗುವನ್ನು ಕಂಕುಳಿಗೆ ಎಳೆದುಕೊಂಡಳು, ಕುಡಿಯಲು ಇಟ್ಟಿದ್ದ ಕೊಡವನ್ನು ಒಂದೇ ಕೈಯಲ್ಲಿ ಎತ್ತಿದಳು.

"ನೀರು ಮುಟ್ಟಿಸ್ಬೇಡ," ಎಂದು ಗುರುವಯ್ಯ ಅಬ್ಬರಿಸಿದ. "ಸುಣ್ಣ ಅದು. ನೀರು ಬಿದ್ರೆ ಕಣ್ಣೊಳಗೇ ಕುದೀತದೆ."

ಕೊಡ ಬಗ್ಗಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ನೀರು ಬಿದ್ದೇ ಬಿಡುತ್ತಿತ್ತು. ಆದರೆ ಸುಣ್ಣದ ವಿಷಯದಲ್ಲಿ ಸಾವ್ಕಾರ್ರೇ ಮಾವನ ಮಾತಿಗೆ ಎದುರಾಡುವುದಿಲ್ಲ, ಇನ್ನು ಸೊಸೆ ಯಾವ ಲೆಕ್ಕ? ಅವಳು ಕೊಡವನ್ನು ಕೆಳಗಿಟ್ಟಳು. ಗುರುವಯ್ಯ ತನ್ನ ಹೆಗಲ ಟವಲಿನಿಂದ ಮಗುವಿನ ಕಣ್ಣು ಒರೆಸಿದ. ಪಂಪಿನವರು ಕೈಗೆ ಹಚ್ಚಿಕೊಳ್ಳಲು ತಂದಿದ್ದ ಕೊಬ್ಬರಿ ಎಣ್ಣೆಯನ್ನು ಸುರಿದ. ಮತ್ತೆ ಒರೆಸಿದ. ಮಗು ಅವನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು, ರಕ್ತ ಬಂದರೂ ಬಿಡಲಿಲ್ಲ. ಜೀಪು ಬರುವ ತನಕ ಮುಕ್ಕಾಲು ಗಂಟೆ ಅವರೆಲ್ಲ ಹಾಗೆಯೇ, ನೀರಿನ ಕೊಡದ ಸುತ್ತ ನಿಂತಿದ್ದರು.

ಮೂಡಿಗೆರೆಯಲ್ಲಿ ಕಣ್ಣು ತೊಳೆದು ನೋಡಿ ಹಾಸನಕ್ಕೆ ಕಳಿಸಿದರು. ಕೂಸಿಗೆ ಹಾಲು ಕೊಡಬೇಕಾದ್ದರಿಂದ ಯಲ್ಲಮ್ಮ ಉಳಿದಳು; ಹೋದವರು ಗುರುವಯ್ಯ, ಉಮೇಶ. ನಾಲ್ಕನೇ ದಿನ ಹಾಸನದ ಕಣ್ಣಿನ ಡಾಕ್ಟರು ಒಳಗೆ ಕರೆದಾಗ ಉಮೇಶ ಬೀಡಿ ಸೇದಲು ಹೊರಗೆ ಹೋಗಿದ್ದ. ಗುರುವಯ್ಯ ಒಬ್ಬನೇ ಹೋಗಿ ಕೈಮುಗಿದು ನಿಂತ.

"ಈ ಕಣ್ಣು ಇನ್ನು ಇಷ್ಟೇ ಕಣಪ್ಪ," ಎಂದರು ಡಾಕ್ಟರು. "ಬಿದ್ದ ತಕ್ಷಣ ನೀರು ಹಾಕಿದ್ರಾ?"

"ಇಲ್ಲ ಸ್ವಾಮಿ. ಸುಣ್ಣಕ್ಕೆ ನೀರು ಬಿದ್ರೆ ಕುದಿಯುತ್ತೆ ಅಂತ…"

"ಬಕೆಟ್ಟಲ್ಲಿ ಇದ್ದದ್ದು ಯಾವ ಸುಣ್ಣ? ಅದಕ್ಕೆ ಆಗ್ಲೇ ನೀರು ಹಾಕಿರ್ಲಿಲ್ವ?"

ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಗುರುವಯ್ಯನ ನೆತ್ತಿಯ ಮೇಲೆ ಬಿತ್ತು. ಕುದ್ದ ಸುಣ್ಣ. ಅವನೇ ಕುದಿಸಿದ್ದು, ಅವನೇ ಬೆರಳಿಟ್ಟು ತಣ್ಣಗಾಗಿದೆ ಎಂದು ನೋಡಿದ್ದು. ಅಯ್ಯೋ ಪಾಪಿ, ಪಕ್ಕದಲ್ಲೇ ತುಂಬಿದ ಕೊಡ ಇತ್ತು.

"ಒಂದು ಕೊಡ ನೀರು ಹುಯ್ದಿದ್ರೆ ಸಾಕಿತ್ತು," ಎಂದರು ಡಾಕ್ಟರು ಬರೆಯುತ್ತಲೇ. "ಕಣ್ಣು ಉಳೀತಿತ್ತು. ಹೋಗ್ಲಿ, ಇನ್ನೊಬ್ಬರಿಗಾದ್ರೂ ಹೇಳಿ."

ಹೊರಗೆ ಬೆಂಚಿನ ಮೇಲೆ ಉಮೇಶ ಕಾಯುತ್ತಿದ್ದ. "ಎಂತ ಅಂದ್ರು ಅಪ್ಪ?"

ಗುರುವಯ್ಯ ಮಗನ ಮುಖ ನೋಡಿದ. ತನಗೆ ಅರವತ್ತೆರಡು. ಉಮೇಶ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋದರೆ ಹೆಚ್ಚು. ಲೈನಿನ ಮನೆ ಉಳಿದದ್ದು, ರೇಟು ಬಿದ್ದು ಇಪ್ಪತ್ತು ಆಳನ್ನು ಕಳಿಸಿದಾಗಲೂ ಈ ಸಂಸಾರವನ್ನು ಕಳಿಸದೆ ಇದ್ದದ್ದು, ಸುಣ್ಣದ ಗುರುವಯ್ಯ ಎಂಬ ಒಂದು ಹೆಸರಿನಿಂದ. ಸುಣ್ಣ ತಿಳಿಯದವನು ಎಂದಾದರೆ ಆ ಹೆಸರನ್ನು ಯಾವ ನಾಯಿಯೂ ಮೂಸುವುದಿಲ್ಲ.

"ಸುಣ್ಣ ಆಳಕ್ಕೆ ಇಳಿದೈತಂತೆ," ಎಂದ. "ನೀರು ಹಾಕದೆ ಇದ್ದದ್ದು ಒಳ್ಳೇದಾಯ್ತಂತೆ. ಹಾಕಿದ್ರೆ ಎರಡೂ ಹೋಗ್ತಿತ್ತಂತೆ."

ಮಾತು ಬಾಯಿಂದ ಹೊರಬಿದ್ದಾಗ ಅವನಿಗೇ ಹೇಸಿಗೆಯಾಯಿತು. ಆದರೂ ಉಮೇಶ ನಂಬಿದ್ದನ್ನು ನೋಡಿ ಹಾಯೆನಿಸಿತು. ಮನುಷ್ಯನ ಹೊಟ್ಟೆಯಲ್ಲಿ ಎರಡಕ್ಕೂ ಜಾಗ ಇರುತ್ತದೆ.

ಊರಿಗೆ ಬಂದ ಸಂಜೆ ಉಮೇಶ ಹೆಂಡತಿಯನ್ನು ಜಗಲಿಗೆ ಎಳೆದ. "ಗಂಟು ಹಾಕೋಕೂ ಬರಲ್ವೇನೇ ನಿಂಗೆ?" ಎಂದು ಒಂದು ಬಿಟ್ಟ. "ಮೂರು ಗಂಟು ಹಾಕಿದ್ದೆ," ಎಂದಳು ಯಲ್ಲಮ್ಮ. "ಹಾಕಿದ್ರೆ ಬಿಚ್ಚಿದ್ದು ಯಾರು, ನಿಮ್ಮಪ್ಪನಾ?" ಎಂದು ಇನ್ನೊಂದು. ಅವಳು ಮಾವನ ಕಡೆ ನೋಡಿದಳು. ಆರೋಪ ಹೊರಿಸಲು ಅಲ್ಲ, ಬಿಡಿಸಲು ಬಂದಾರೆಂದು. ಗುರುವಯ್ಯ ಅಡಿಕೆ ಹೋಳನ್ನು ದವಡೆಯಿಂದ ದವಡೆಗೆ ತಳ್ಳುತ್ತ ಕೂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ಇಲ್ಲಿ ಎತ್ತು ಎದುರಿಗೇ ಕೂತು ಬರೆ ಎಣಿಸುತ್ತಿತ್ತು. ನಾಲ್ಕನೆಯ ಏಟಿಗೆ ಅವನಿಗೆ ನಾಲಗೆ ಬಂತು: "ಬಿಡೋ ಸಾಕು. ಅವಳೇನು ಬೇಕಂತ ಮಾಡಿದ್ಲಾ?"

ಸಾವ್ಕಾರ್ರು ಕೇಳಿದಾಗಲೂ ಅದೇ ಹೇಳಿದ. "ತಾಯಿ ಕಟ್ಟಿದ್ಲು ಸ್ವಾಮಿ, ಬಿಗಿ ಸಾಲ್ಲಿಲ್ಲ." ಅವರು ಆಸ್ಪತ್ರೆ ಖರ್ಚಿಗೆ ಅಷ್ಟಿಷ್ಟು ಕೊಟ್ಟು, "ನೀನು ಇದ್ದದ್ದಕ್ಕೆ ಒಂದು ಕಣ್ಣಾದ್ರೂ ಉಳೀತು ಮಾರಾಯ," ಎಂದರು.

ಮಳೆಗಾಲ ಕಳೆಯುವಷ್ಟರಲ್ಲಿ ಆ ಮಾತು ಲೈನಿನ ಮಾತಾಯಿತು. ಮೋನಿಕಾಳ ಎಡಗಣ್ಣು ಮೊಟ್ಟೆಯ ಬಿಳಿಯಂತಾಗಿ ನಿಂತಿತು. ಅವಳು ಕಚ್ಚುವುದನ್ನು ಬಿಟ್ಟಳು, ಎಸೆಯುವುದನ್ನು ಬಿಟ್ಟಳು, ಕೂರಿಸಿದಲ್ಲಿ ಕೂತಳು. ಅನ್ನ ಹಾಕಿದರೆ ಉಂಡಳು, ಹಾಕದಿದ್ದರೆ ಕೇಳಲಿಲ್ಲ. ಗುರುವಯ್ಯನ ಕಂಬಳಿಗೆ ಬರುವುದನ್ನೂ ಬಿಟ್ಟಳು. ಗೋಡೆಯ ಮಗ್ಗುಲಿಗೆ ಗೋಣಿಯ ಮೇಲೆ ಒಬ್ಬಳೇ ಮಲಗಿದಳು.

ಸೆಪ್ಟೆಂಬರಿನಲ್ಲಿ ಬಿಸಿಲು ಕಂಡ ಒಂದು ಭಾನುವಾರ ದಿವ್ಯಾ ಸಿಸ್ಟರ್ ಲೈನಿಗೆ ಬಂದಳು. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿ, ಇಪ್ಪತ್ತಮೂರು ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಯಾಕೆ ಪೆಟ್ಟಾಗುತ್ತದೆ, ಯಾವ ಮಕ್ಕಳು ಹೆಚ್ಚು ತಂಟೆ ಮಾಡುತ್ತವೆ ಎಂದು ಮನೆಮನೆ ಕೇಳಿ ಬರೆದುಕೊಳ್ಳಬೇಕಂತೆ. ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಗುರುವಯ್ಯನ ಜಗಲಿಯ ಮುಂದೆ ನೆರೆದರು.

"ಮಗು ಕಚ್ಚುತ್ತಾ? ಹೊಡೆಯುತ್ತಾ?" ಎಂದು ಯಲ್ಲಮ್ಮನನ್ನು ಕೇಳಿದಳು ಸಿಸ್ಟರ್.

ಅಂಜನಮ್ಮ ನಡುವೆ ಬಾಯಿ ಹಾಕಿದಳು. "ಮೊದ್ಲು ಕಚ್ತಿತ್ತು ಸಿಸ್ಟರೇ, ಈಗ ಸಾಧು ಆಗೈತೆ. ಕಣ್ಣು ಹೋದ್ಮೇಲೆ ಬಂಗಾರದಂಥ ಮಗು."

"ಮನೇಲಿ ಯಾರಾದ್ರೂ ಕುಡೀತಾರಾ?"

"ಯಾರು ಕುಡಿಯಲ್ಲ ಅಂತ ಕೇಳಿ, ಬೇಗ ಮುಗೀತದೆ," ಎಂದಿತು ಹಿಂದಿನಿಂದ ಒಂದು ದನಿ. ಹೆಂಗಸರು ನಕ್ಕರು.

"ತಾಯಿಗೆ ಸುಮ್ಮನೆ ಅಳು ಬರೋದು, ಯಾವುದರಲ್ಲೂ ಮನಸ್ಸಿಲ್ಲದೆ ಇರೋದು, ಹಾಗೇನಾದ್ರೂ?"

"ಸುಮ್ನೆ ಯಾಕೆ ಬರ್ತದೆ?" ಎಂದಳು ಯಲ್ಲಮ್ಮ. ಸಿಸ್ಟರ್ ಏನೋ ಬರೆದುಕೊಂಡಳು. ಆಮೇಲೆ ಮೋನಿಕಾಳ ಗಲ್ಲ ಹಿಡಿದೆತ್ತಿ ಕಣ್ಣು ನೋಡಿದಳು. "ಸುಣ್ಣ ಅಲ್ವಾ? ಎಲ್ರೂ ಕೇಳಿಸ್ಕೊಳ್ಳಿ. ಇನ್ನು ಯಾರ ಕಣ್ಣಿಗಾದ್ರೂ ಸುಣ್ಣ ಬಿದ್ರೆ ಮೊದಲು ನೀರು. ಕೊಡಗಟ್ಟಲೆ ನೀರು. ಆಮೇಲೆ ಆಸ್ಪತ್ರೆ."

ಎಲ್ಲರೂ ಗುರುವಯ್ಯನ ಕಡೆ ತಿರುಗಿದರು.

"ನೀರಾ?" ಎಂದಳು ಅಂಜನಮ್ಮ. "ಗುರುವಯ್ಯಣ್ಣ ನೀರು ಮುಟ್ಟಿಸಲೇಬಾರ್ದು ಅಂದಿದ್ರು. ಹಾಸನದ ಡಾಕ್ಟ್ರೂ ಅದನ್ನೇ ಹೇಳಿದ್ರಂತೆ."

"ಯಾವ ಡಾಕ್ಟ್ರು? ಹಾಗೆ ಯಾರೂ ಹೇಳಲ್ಲ."

ಯಲ್ಲಮ್ಮನ ಮುಖದ ಬಣ್ಣ ಬದಲಾಯಿತು. ಅವಳು ಮಾವನನ್ನು ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ. ಗುರುವಯ್ಯನಿಗೆ ಒಂದು ಮಾತು ಸಾಕಿತ್ತು: ತಪ್ಪಾಯ್ತು ಕಣಮ್ಮ, ನನಗೂ ತಿಳೀಲಿಲ್ಲ. ಅವನು ಎದ್ದು ನಿಂತದ್ದು ಅದನ್ನು ಹೇಳಲಿಕ್ಕೇ. ನಿಂತಮೇಲೆ ಲೈನಿಗೆ ಲೈನೇ ತನ್ನ ಬಾಯಿ ನೋಡುತ್ತಿರುವುದು ಕಂಡಿತು, ಬೇಲಿಯಾಚೆ ರೈಟರ್ ಬಸವರಾಜು ಸೈಕಲ್ ನಿಲ್ಲಿಸಿಕೊಂಡಿರುವುದೂ ಕಂಡಿತು. ಅವನು ಒಳಗೆ ಹೋದ. ತಗಡಿನ ಡಬ್ಬದಿಂದ ಮುಷ್ಟಿ ಗಾತ್ರದ ಸುಟ್ಟ ಸುಣ್ಣದ ಹೆಂಟೆಯೊಂದನ್ನು, ನೀರು ಕಾಣದ ಒಣ ಹೆಂಟೆಯನ್ನು, ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟ.

"ಸಿಸ್ಟರೇ, ನೀವು ಓದಿದೋರು. ನಾನು ಕಂಡಿದ್ದನ್ನ ತೋರಿಸ್ತೀನಿ," ಎಂದ. "ಯಲ್ಲಮ್ಮ, ಒಂದು ಚೊಂಬು ನೀರು ತಾ. ನೀನೇ ಹುಯ್ಯಿ."

ಯಲ್ಲಮ್ಮ ತಂದು ಹುಯ್ದಳು. ಹೆಂಟೆ ಚಟಚಟ ಸಿಡಿಯಿತು. ಬುಸ್ಸೆಂದು ಹಬೆ ಎದ್ದಿತು, ಕಲ್ಲಿನ ಮೇಲೆಲ್ಲ ಬಿಳಿ ಬುರುಗು ಉಕ್ಕಿ ಕುದಿಯಿತು. ಹೆಂಗಸರು ಮಕ್ಕಳನ್ನು ಅವುಚಿಕೊಂಡು ಹಿಂದೆ ಸರಿದರು.

"ಇದು ಆ ಮಗೀನ ಕಣ್ಣೊಳಗೆ ಆಗ್ಬೇಕಿತ್ತಾ? ನೀವೇ ಹೇಳಿ."

"ಅಲ್ಲ, ಇದು ಬೇರೆ ಸುಣ್ಣ, ಆಗ ಬಿದ್ದದ್ದು…" ಎಂದು ಸಿಸ್ಟರ್ ಏನೋ ಹೇಳಹೊರಟಳು. ಯಾರಿಗೆ ಬೇಕಿತ್ತು? ಕಣ್ಣಾರೆ ಕಂಡ ಮೇಲೆ ಕಿವಿಯ ಕೆಲಸ ಮುಗಿದಿತ್ತು. "ಪಾಪ, ಚಿಕ್ಕ ಹುಡುಗಿ, ಪುಸ್ತಕದಲ್ಲಿ ಬರೆದಿದ್ದು ಹೇಳ್ತದೆ," ಎಂದಳು ಅಂಜನಮ್ಮ ಕನಿಕರದಿಂದ. ಸಿಸ್ಟರ್ ಗುರುವಯ್ಯನ ಮುಖವನ್ನು ನೇರ ನೋಡಿದಳು. ಈ ಮುದುಕನಿಗೆ ಎಲ್ಲ ಗೊತ್ತಿದೆ ಎಂದು ಅವಳಿಗೆ ಹೊಳೆದಿರಬೇಕು. ಅವನು ಕಲ್ಲಿನ ಕಡೆ ತಿರುಗಿದ. ಅವಳು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು, ಮೂರು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಇಳಿದು ಹೋದಳು.

ಸಂಜೆ ಯಲ್ಲಮ್ಮ ಮಾವನಿಗೆ ಕಾಫಿ ತಂದಿಟ್ಟಳು. ಇಟ್ಟು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಮಾವ, ಒಂದು ಮಾತು. ಅವತ್ತು ನಾನು ಹುಯ್ದೇಬಿಡ್ತಿದ್ದೆ. ನಮ್ಮೂರ ಕಡೆ ಗೋಡೆಗೆ ಸುಣ್ಣ ಹೊಡೀವಾಗ ಕಣ್ಣಿಗೆ ಸಿಡಿದ್ರೆ ನೀರೇ ಹಾಕಾದು. ಇಷ್ಟು ದಿನ ಒಳಗೊಳಗೇ ನಿಮ್ಮನ್ನ ಬೈಕೊಂಡಿದ್ದೆ, ಇವರ ಮಾತು ಯಾಕಾದ್ರೂ ಕೇಳಿದ್ನೋ ಅಂತ." ಸೆರಗನ್ನು ಬೆರಳಿನಿಂದ ಬಿಡಿಸಿದಳು. "ಇವತ್ತು ಕಣ್ಣಲ್ಲಿ ನೋಡ್ದೆ. ನನ್ನ ಕೈಯಾರೆ ಮಗಳನ್ನ ಪೂರಾ ಕುರುಡಿ ಮಾಡಿಬಿಡ್ತಿದ್ದೆ. ನೀವು ಕಾಪಾಡಿದ್ರಿ."

ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಗುರುವಯ್ಯನಿಗೆ ಕಾಲು ಹಿಂದೆಳೆದುಕೊಳ್ಳಬೇಕು ಅನಿಸಿತು. ಎಳೆದುಕೊಳ್ಳಲಿಲ್ಲ. "ಇರ್ಲಿ ಬಿಡಮ್ಮ," ಎಂದ. ಕಾಫಿ ಕುಡಿದ. ನಾಲಗೆ ಸುಟ್ಟಿತು.

ಮಾರನೆಯ ದಿನ ಎರಡನೇ ಸುತ್ತಿನ ಬೋರ್ಡೋ. ಗುರುವಯ್ಯ ಡ್ರಮ್ಮು ತೊಳೆದು, ಬಕೆಟ್ಟುಗಳಿಗೆ ಸುಣ್ಣದ ಹೆಂಟೆಗಳನ್ನು ತುಂಬಿಸಿಟ್ಟಿದ್ದ. ಕಳೆಗೆ ಹೋಗುವ ಹೆಂಗಸರು ಬಂದರು. ಅಂಜನಮ್ಮ ತನ್ನ ಮಗಳ ಮಗನನ್ನು ಸೊಂಟದಿಂದ ಇಳಿಸಿ ಅವನ ಪಕ್ಕ ಕೂರಿಸಿದಳು. "ಸುಣ್ಣ ತಿಳಿದೋರ ಹತ್ರ ಬಿಟ್ರೆ ಭಯ ಇಲ್ಲ ಗುರುವಯ್ಯಣ್ಣ. ತೋಟದಲ್ಲಿ ಹಾವು ಹುಳಹುಪ್ಪಟೆ, ಎಲ್ಲಿ ಅಂತ ಕಟ್ಟಿಹಾಕಾದು?" ಅವಳ ಹಿಂದಿನವಳೂ ಇಳಿಸಿದಳು. ಅವಳ ಹಿಂದಿನವಳೂ. ಐದು ಮಕ್ಕಳು, ಮೂರು ವರ್ಷ ತುಂಬಿದ್ದು ಒಂದೂ ಇಲ್ಲ, ಬಕೆಟ್ಟುಗಳ ಕಡೆ ಮುಖ ಮಾಡಿ ಕೂತವು.

"ಬೇಡ್ರವ್ವ, ಇಲ್ಲಿ ಬೇಡ," ಎಂದ ಗುರುವಯ್ಯ. ಅವರು ನಕ್ಕು ಗುಡ್ಡ ಹತ್ತಿದರು.

ಕೊನೆಗೆ ಬಂದವಳು ಯಲ್ಲಮ್ಮ. ಮೋನಿಕಾಳನ್ನು ಮಕ್ಕಳ ಸಾಲಿನ ತುದಿಗೆ ಕೂರಿಸಿದಳು. ಆಮೇಲೆ ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸನ್ನು ಬಿಚ್ಚಿ, ಅಂಬೆಗಾಲಿಡಲು ಕಾತರಿಸಿ ಕಾಲು ಬಡಿಯುತ್ತಿದ್ದ ಗಂಡು ಕೂಸನ್ನು, ಮಾವನ ಕೈಗೆ ಕೊಟ್ಟಳು.

"ಇವನನ್ನೂ ನಿಮ್ಮ ಹತ್ರಾನೇ ಬಿಡ್ತೀನಿ ಮಾವ."

ಅವಳು ಗಿಡಗಳ ನಡುವೆ ಮರೆಯಾದಳು. ಮೇಲಿನ ಪಟ್ಟೆಯಿಂದ ಬಸವರಾಜು ಕೂಗಿದ: "ಗುರುವಯ್ಯ, ಹೊತ್ತಾಯ್ತು. ಸುಣ್ಣಕ್ಕೆ ನೀರು ಬಿಡು." ಗುರುವಯ್ಯ ಕೂಸನ್ನು ಎದೆಗವುಚಿಕೊಂಡು ಎದ್ದ. ಅದನ್ನು ಎಲ್ಲಿ ಇಳಿಸುವುದೆಂದು ಸುತ್ತಲೂ ನೋಡುತ್ತ ನಿಂತ.